ಊರು ಮುನಿದಿದ್ದ ಕಾದಂಬರಿಗೆ ಊರಿನದೇ ಉತ್ಸವ

ಮಾನ್ಯ ಕೇಳುಗರೇ, ನಮಸ್ಕಾರ.

ಉತ್ತರ ಜರ್ಮನಿಯ ಲ್ಯೂಬೆಕ್ ನಗರದಲ್ಲಿ 1875ರ ಜೂನ್ 6ರಂದು ಹುಟ್ಟಿದ ಕಾದಂಬರಿಕಾರ ಥಾಮಸ್ ಮಾನ್ ಅವರ 150ನೆಯ ಜನ್ಮವರ್ಷವನ್ನು ಆ ನಗರವು 2025ರಲ್ಲಿ ಸಮಾರಂಭ, ಪ್ರದರ್ಶನ ಮತ್ತು ವಿದ್ವತ್ ಗೋಷ್ಠಿಗಳಿಂದ ಆಚರಿಸಿತು. ಅವರ ಮೊದಲ ದೊಡ್ಡ ಕಾದಂಬರಿಯ ಹೆಸರನ್ನೇ ಹೊತ್ತ ಬುಡನ್‌ಬ್ರೂಕ್ ಭವನ ಎಂಬ ವಸ್ತುಸಂಗ್ರಹಾಲಯ ಮಾತ್ರ ಆ ವರ್ಷ ನವೀಕರಣಕ್ಕಾಗಿ ಮುಚ್ಚಿತ್ತು. ಹಬ್ಬದ ದಿನ ಮದುಮಗನ ಮನೆಗೇ ಬೀಗ ಬಿದ್ದಂತಾದ ಈ ಸಂಗತಿಯನ್ನು ಕಂಡಿದ್ದರೆ, ವ್ಯಂಗ್ಯವನ್ನೇ ಜೀವಾಳವಾಗಿಸಿಕೊಂಡಿದ್ದ ಮಾನ್ ಅವರು ನಕ್ಕಿರುತ್ತಿದ್ದರು.

ಒಬ್ಬ ಲೇಖಕನನ್ನು ಕೊಂಡಾಡುವ ಗೋಷ್ಠಿಯಲ್ಲಿ ಸಹಜವಾಗಿ ಹೊಗಳಿಕೆಯೇ ಹೆಚ್ಚಾಗಿರುತ್ತದೆ. ಆದರೆ ಲ್ಯೂಬೆಕ್ಕಿನ ಮಟ್ಟಿಗೆ ಹೇಳುವುದಾದರೆ, ಆ ಊರಿಗೂ ಅದರ ಲೇಖಕನಿಗೂ ನಡೆದ ಜಗಳವನ್ನು ಬಿಟ್ಟು ಅವರ ಕೃತಿಯ ಬಗ್ಗೆ ಮಾತನಾಡುವುದು ಅರ್ಧ ಮಾತಷ್ಟೇ ಆದೀತು. 1901ರಲ್ಲಿ ‘ಬುಡನ್‌ಬ್ರೂಕ್ಸ್’ ಪ್ರಕಟವಾದಾಗ ಮಾನ್ ಅವರಿಗೆ ಇಪ್ಪತ್ತೈದು-ಇಪ್ಪತ್ತಾರು ವರ್ಷ. ದವಸದ ವ್ಯಾಪಾರ ಮಾಡುವ ಮನೆತನವೊಂದು ನಾಲ್ಕು ತಲೆಮಾರುಗಳಲ್ಲಿ ಕುಸಿಯುವ ಕಥೆ ಅದು. ಊರಿನ ಹೆಸರು ಕಾದಂಬರಿಯಲ್ಲಿ ಎಲ್ಲಿಯೂ ಇಲ್ಲ. ಆದರೂ ಯಾವ ಪಾತ್ರದ ಹಿಂದೆ ಯಾವ ಗಣ್ಯರಿದ್ದಾರೆ ಎಂಬ ಪಟ್ಟಿಗಳನ್ನು ಲ್ಯೂಬೆಕ್ಕಿನ ಜನ ಮಾಡಿಕೊಂಡು ಕೈಯಿಂದ ಕೈಗೆ ದಾಟಿಸತೊಡಗಿದರು.

ಕಾದಂಬರಿಯಲ್ಲಿ ಕ್ರಿಸ್ತಿಯಾನ್ ಎಂಬ ಪಾತ್ರವಿದೆ. ದುಡಿಮೆ ಅವನಿಗೆ ಒಗ್ಗುವುದಿಲ್ಲ, ನಾಟಕದ ಹುಚ್ಚು ಬಿಡುವುದಿಲ್ಲ; ತನ್ನ ಎಡಮಗ್ಗುಲಿನ ನರಗಳೆಲ್ಲ ಗಿಡ್ಡವಾಗಿವೆ ಎಂದು ಕಂಡಕಂಡವರ ಮುಂದೆ ವಿವರಿಸುತ್ತಾನೆ. ಓದುಗರಿಗೆ ನಗು ತರಿಸುವ ಈ ಪಾತ್ರದಲ್ಲಿ ತನ್ನದೇ ಮುಖವನ್ನು ಕಂಡ ಲೇಖಕರ ಚಿಕ್ಕಪ್ಪ ಫ್ರೀಡ್ರಿಕ್ ಮಾನ್ ಅವರು 1913ರಲ್ಲಿ, ಅಂದರೆ ಪುಸ್ತಕ ಬಂದು ಹನ್ನೆರಡು ವರ್ಷಗಳಾದ ಮೇಲೆ, ಸ್ಥಳೀಯ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ತನ್ನ ಗೂಡನ್ನೇ ಹೊಲಸು ಮಾಡಿಕೊಳ್ಳುವ ಹಕ್ಕಿಗೆ ಅಣ್ಣನ ಮಗನನ್ನು ಹೋಲಿಸಿದರು. ನನಗೆ ಆ ಹಿರಿಯರ ಮೇಲೆ ಕನಿಕರವಿದೆ. 1929ರಲ್ಲಿ ನೊಬೆಲ್ ಸಮಿತಿಯು ಮುಖ್ಯವಾಗಿ ಇದೇ ಕಾದಂಬರಿಗಾಗಿ ಮಾನ್ ಅವರನ್ನು ಗೌರವಿಸಿತು ಎಂಬುದರಿಂದ ಚಿಕ್ಕಪ್ಪನ ನೋವು ಸುಳ್ಳಾಗುವುದಿಲ್ಲ.

ಎರಡನೆಯ ಜಗಳ ಇದಕ್ಕಿಂತ ಗಂಭೀರವಾದದ್ದು, ಮತ್ತು ಅದು ನಡೆದದ್ದು ಬಾನುಲಿಯಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಪ್ರಜಾಪ್ರಭುತ್ವವನ್ನು ಜರಿದು ದೊಡ್ಡ ಗ್ರಂಥವನ್ನೇ ಬರೆದಿದ್ದ ಮಾನ್, 1922ರಲ್ಲಿ ಬರ್ಲಿನ್ನಿನ ಸಭೆಯೊಂದರಲ್ಲಿ ಗಣರಾಜ್ಯದ ಪರವಾಗಿ ನಿಂತರು. 1933ರಿಂದ ದೇಶದ ಹೊರಗೇ ಉಳಿದ ಅವರ ಪೌರತ್ವವನ್ನು 1936ರಲ್ಲಿ ನಾಜಿ ಸರ್ಕಾರ ಕಿತ್ತುಕೊಂಡಿತು. 1940ರ ಅಕ್ಟೋಬರಿನಿಂದ ಅವರು ಬಿಬಿಸಿಯ ಮೂಲಕ ಜರ್ಮನ್ ಕೇಳುಗರನ್ನು ಉದ್ದೇಶಿಸಿ ಭಾಷಣಗಳನ್ನು ಮಾಡತೊಡಗಿದರು. ಆರಂಭದಲ್ಲಿ ತಂತಿಯ ಮೂಲಕ ಬಂದ ಬರಹವನ್ನು ಲಂಡನ್ನಿನಲ್ಲಿ ಬೇರೊಬ್ಬರು ಓದುತ್ತಿದ್ದರು. ಮುಂದೆ ಮಾನ್ ಅವರ ದನಿಯನ್ನು ಲಾಸ್ ಏಂಜಲೀಸಿನಲ್ಲಿ ಗ್ರಾಮಫೋನ್ ತಟ್ಟೆಯ ಮೇಲೆ ಮುದ್ರಿಸಿ, ಆ ತಟ್ಟೆಯನ್ನು ವಿಮಾನದಲ್ಲಿ ನ್ಯೂಯಾರ್ಕಿಗೆ ಕಳಿಸಿ, ಅಲ್ಲಿಂದ ದೂರವಾಣಿಯ ಮೂಲಕ ಲಂಡನ್ನಿಗೆ ಕೇಳಿಸಿ, ಅಲ್ಲಿ ಇನ್ನೊಂದು ತಟ್ಟೆಗೆ ಇಳಿಸಿಕೊಂಡು ಪ್ರಸಾರ ಮಾಡುತ್ತಿದ್ದರು. ಕೆಲವೇ ನಿಮಿಷಗಳ ಮಾತಿಗೆ ಇಷ್ಟು ಸುತ್ತುದಾರಿ! ಅತ್ತ ಜರ್ಮನಿಯಲ್ಲಿ ವಿದೇಶಿ ಬಾನುಲಿ ಕೇಳುವುದೇ ಶಿಕ್ಷಾರ್ಹ ಅಪರಾಧವಾಗಿತ್ತು.

1942ರ ಮಾರ್ಚ್ ಕೊನೆಯಲ್ಲಿ ಬ್ರಿಟಿಷ್ ವಿಮಾನಗಳು ಲ್ಯೂಬೆಕ್ಕಿನ ಮೇಲೆ ಬಾಂಬ್ ಹಾಕಿದವು. ಮೆಂಗ್ ಬೀದಿಯಲ್ಲಿದ್ದ ಮಾನ್ ಅವರ ಅಜ್ಜ–ಅಜ್ಜಿಯ ಮನೆಯ, ಅಂದರೆ ಇಂದಿನ ಬುಡನ್‌ಬ್ರೂಕ್ ಭವನದ, ಮುಂಗೋಡೆ ಮತ್ತು ನೆಲಮಾಳಿಗೆ ಉಳಿದವು, ಮಿಕ್ಕದ್ದು ಸುಟ್ಟುಹೋಯಿತು. ಮರುತಿಂಗಳ ಭಾಷಣದಲ್ಲಿ ಮಾನ್ ತಮ್ಮ ಊರಿನ ಸುದ್ದಿಯನ್ನು ಮುಚ್ಚಿಡಲಿಲ್ಲ. ಜರ್ಮನ್ ವಿಮಾನಗಳು ನಾಶಮಾಡಿದ್ದ ಇಂಗ್ಲೆಂಡಿನ ಕವೆಂಟ್ರಿ ನಗರವನ್ನು ನೆನೆದು, ಮಾಡಿದ್ದಕ್ಕೆ ಬೆಲೆ ತೆರಲೇಬೇಕೆಂಬ ನ್ಯಾಯವನ್ನು ತಾವು ಆಕ್ಷೇಪಿಸುವುದಿಲ್ಲವೆಂದರು. ಮನೆ ಸುಟ್ಟವರ ಕಿವಿಗೆ ಆ ಮಾತು ಹೇಗೆ ಬಿದ್ದಿರಬಹುದೆಂದು ಊಹಿಸಬಹುದು. ಅದೇ ನಗರ 1955ರ ಮೇ ತಿಂಗಳಲ್ಲಿ ಅವರಿಗೆ ಗೌರವ ಪೌರತ್ವವನ್ನು ನೀಡಿತು. ಆಗಸ್ಟ್ 12ರಂದು ಅವರು ಜ್ಯೂರಿಕ್‌ನಲ್ಲಿ ತೀರಿಕೊಂಡರು. 2025ರ ಪ್ರದರ್ಶನಕ್ಕೆ ನಗರವು ಮಾನ್ ಮತ್ತು ಪ್ರಜಾಪ್ರಭುತ್ವ ಎಂಬ ವಿಷಯವನ್ನು ಆರಿಸಿಕೊಂಡದ್ದು ನನ್ನ ಎಣಿಕೆಯಲ್ಲಿ ಸರಿಯಾದ ಆಯ್ಕೆ, ಏಕೆಂದರೆ ಅವರು ಎಲ್ಲಿ ತಿರುಗಿ ನಿಂತರೆಂಬುದನ್ನು ಅಲ್ಲಿ ಮರೆಮಾಚಲಾಗದು.

ಇಂಥ ಗೋಷ್ಠಿಯಲ್ಲಿ ಕನ್ನಡದವರೊಬ್ಬರು ಪ್ರಬಂಧ ಮಂಡಿಸುವುದಾದರೆ ವಿಷಯ ಸಿದ್ಧವಾಗಿಯೇ ಇದೆ. ನಮ್ಮ ಬೇತಾಳ ಕಥೆಯೊಂದನ್ನು ಆಧರಿಸಿ ಮಾನ್ ಅವರು 1940ರಲ್ಲಿ ಅದಲುಬದಲಾದ ತಲೆಗಳ ಕಿರುಕಾದಂಬರಿಯನ್ನು ಪ್ರಕಟಿಸಿದರು. ಗಿರೀಶ ಕಾರ್ನಾಡರ ‘ಹಯವದನ’ಕ್ಕೆ ಪ್ರೇರಣೆ ದೊರೆತದ್ದು ಅದರಿಂದಲೇ. ಗಂಡನ ತಲೆಯೂ ಇನ್ನೊಬ್ಬನ ತಲೆಯೂ ಪರಸ್ಪರರ ದೇಹಕ್ಕೆ ಅಂಟಿಕೊಂಡಾಗ, ಗಂಡನ ತಲೆಯಿದ್ದವನೇ ಗಂಡನೆಂದು ಹಳೆಯ ಕಥೆ ತೀರ್ಪು ಕೊಟ್ಟು ಮುಗಿಯುತ್ತದೆ. ತೀರ್ಪಿನ ಆಚೆಗೆ ದೇಹ ನಿಧಾನವಾಗಿ ತಲೆಯಂತೆ ಬದಲಾಗುವುದನ್ನು ಮಾನ್ ತೋರಿಸಿದರು, ಕಾರ್ನಾಡರು ಅದನ್ನು ರಂಗದ ಮೇಲೆ ತಂದರು. ಎರಡೂ ಕೃತಿಗಳಲ್ಲಿ ದೊಡ್ಡವರು ಸತ್ತು ಒಬ್ಬ ಮಗ ಉಳಿಯುತ್ತಾನೆ. ಮಾನ್ ಅವರ ಹುಡುಗ ಮಂದದೃಷ್ಟಿಯವನು, ಬೆಳೆದು ಕಾಶಿಯ ರಾಜನಿಗೆ ಗ್ರಂಥಗಳನ್ನು ಓದಿ ಹೇಳುವವನಾಗುತ್ತಾನೆ. ಕಾರ್ನಾಡರ ಹುಡುಗ ಬೊಂಬೆಗಳನ್ನು ಅವುಚಿಕೊಂಡು ಮೌನವಾಗಿರುತ್ತಾನೆ, ಕುದುರೆಮೊಗದ ಹಯವದನನನ್ನು ಕಂಡ ಮೇಲೆಯೇ ನಗುತ್ತಾನೆ. ಈ ಇಬ್ಬರು ಮಕ್ಕಳನ್ನು ಅಕ್ಕಪಕ್ಕದಲ್ಲಿಟ್ಟು ಓದುವ ಕೆಲಸವನ್ನು ಕನ್ನಡ ಮತ್ತು ಜರ್ಮನ್ ಎರಡನ್ನೂ ಬಲ್ಲವರು ಕೈಗೆತ್ತಿಕೊಳ್ಳಬೇಕು.

ನಮಸ್ಕಾರ.