ಸೆಲ್ ಲೈನಿನಲ್ಲಿ ಅಡಗಿದ ಬಿವಿಡಿ: ತೆಗೆಯುವುದು, ಹೋಗಿದೆಯೆಂದು ಖಾತ್ರಿ ಮಾಡಿಕೊಳ್ಳುವುದು

ಗೆಳೆಯರೆ, ಎಂಡಿಬಿಕೆ ಕೋಶಗಳನ್ನು ಬಳಸದ ಪಶು ವೈರಾಣು ಪ್ರಯೋಗಾಲಯ ಸಿಗುವುದು ಕಷ್ಟ. 1957ರಲ್ಲಿ ಮ್ಯಾಡಿನ್ ಮತ್ತು ಡಾರ್ಬಿ ಒಂದು ಎತ್ತಿನ ಮೂತ್ರಪಿಂಡದಿಂದ ಬೆಳೆಸಿದ ಕೋಶಗಳ ಸಂತತಿ ಇವು; ಹೀಗೆ ಪ್ರಯೋಗಾಲಯದಲ್ಲಿ ಬೆಳೆಸುತ್ತಲೇ ಹೋಗಬಹುದಾದ ಸಂತತಿಯೇ ಸೆಲ್ ಲೈನ್. ಐಬಿಆರ್ (ದನಗಳ ಮೂಗು, ಶ್ವಾಸನಾಳಗಳಿಗೆ ಬರುವ ವೈರಸ್ ರೋಗ) ಪರೀಕ್ಷೆಗೂ ಇವೇ, ಚರ್ಮಗಂಟು ರೋಗದ ವೈರಸ್ ಬೆಳೆಸುವುದಕ್ಕೂ ಇವೇ. ನಾವು ಹಾಕದೇ ಇದ್ದರೂ ಈ ಕೋಶಗಳೊಳಗೆ ಸೇರಿಕೊಳ್ಳುವ ಬಿವಿಡಿ (ದನಗಳ ವೈರಲ್ ಭೇದಿ ರೋಗ) ವೈರಸ್ ಬಗ್ಗೆ ಇವತ್ತಿನ ಮಾತು.

ಅದು ಬರುವ ಮುಖ್ಯ ದಾರಿ ನಾವೇ ಕೋಶಗಳಿಗೆ ಉಣಿಸುವ ಭ್ರೂಣದ ಸೀರಂ, ಅಂದರೆ ಹುಟ್ಟದ ಕರುವಿನ ರಕ್ತದ ತಿಳಿದ್ರವ. ಗಬ್ಬದ ಮೊದಲ ನಾಲ್ಕು ತಿಂಗಳೊಳಗೆ ಹಸುವಿಗೆ ಬಿವಿಡಿ ತಗುಲಿದರೆ, ಹೊಟ್ಟೆಯಲ್ಲಿರುವ ಕರು ಆ ವೈರಸ್ಸನ್ನು ಪರಕೀಯವೆಂದು ಗುರುತಿಸಲು ಕಲಿಯುವುದೇ ಇಲ್ಲ. ಅದರ ರಕ್ತದಲ್ಲಿ ವೈರಸ್ ತುಂಬಿರುತ್ತದೆ, ಪ್ರತಿಕಾಯ ಇರುವುದಿಲ್ಲ. ಸೀರಂ ತಯಾರಕರು ಬಹಳಷ್ಟು ಭ್ರೂಣಗಳ ರಕ್ತವನ್ನು ಒಟ್ಟುಗೂಡಿಸುವುದರಿಂದ ಒಂದು ಸೋಂಕಿತ ಭ್ರೂಣ ಇಡೀ ಬ್ಯಾಚನ್ನು ಕೆಡಿಸಬಲ್ಲದು. 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದೇವಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಬಿವಿಡಿ ಪೂರ್ತಿ ಸತ್ತಿದೆಯೆಂಬ ಭರವಸೆಯನ್ನು ಆ ಶಾಖ ಕೊಡುವುದಿಲ್ಲ. ಗಾಮಾ ವಿಕಿರಣಕ್ಕೆ ಒಡ್ಡಿದ ಸೀರಂ ಕೊಳ್ಳುವುದು ಅದಕ್ಕಿಂತ ಎಷ್ಟೋ ಮೇಲು.

ಕೋಶಗಳನ್ನು ಕೊಲ್ಲದ ಬಗೆಯ ಬಿವಿಡಿಯೇ ನಮಗೆ ಹೆಚ್ಚು ಅಪಾಯಕಾರಿ. ಸೂಕ್ಷ್ಮದರ್ಶಕದಡಿ ಕೋಶಗಳು ಚೆನ್ನಾಗಿಯೇ ಕಾಣುತ್ತವೆ. ಅಂಥ ಕೋಶಗಳ ಮೇಲೆ ಬಿವಿಡಿ ನ್ಯೂಟ್ರಲೈಸೇಶನ್ ಪರೀಕ್ಷೆ (ಹಸುವಿನ ಸೀರಂನಲ್ಲಿ ವೈರಸ್ಸನ್ನು ತಡೆಯುವ ಪ್ರತಿಕಾಯ ಇದೆಯೇ ಎಂದು ನೋಡುವುದು) ಮಾಡಿದಿರಿ ಎನ್ನಿ. ಮೊದಲೇ ಒಳಗಿರುವ ವೈರಸ್, ನಾವು ಹಾಕುವ ಕೋಶ ಕೊಲ್ಲುವ ಬಿವಿಡಿಯನ್ನು ಬೆಳೆಯಗೊಡುವುದಿಲ್ಲ. ಕೋಶ ಸಾಯಲಿಲ್ಲ, ಹಾಗಾದರೆ ಹಸುವಿನ ಸೀರಂನಲ್ಲಿ ಪ್ರತಿಕಾಯ ಇದೆ ಎಂದು ನಾವು ಬರೆದುಬಿಡುತ್ತೇವೆ. ಹಸುವಿನ ಸೀರಂ ಇಲ್ಲದೆ ವೈರಸ್ ಮಾತ್ರ ಹಾಕಿದ ಕಂಟ್ರೋಲ್ ವೆಲ್‌ಗಳಲ್ಲಿ ಸುಳಿವು ಸಿಗುತ್ತದೆ ನಿಜ. ಆದರೆ ಅಲ್ಲಿ ಟೈಟರ್ (ವೈರಸ್ ಪ್ರಮಾಣ) ಕಡಿಮೆ ಬಂದಾಗ ವೈರಸ್ ಸ್ಟಾಕ್ ಹಳೆಯದಾಯಿತು ಎಂದುಕೊಂಡು ಮುಂದೆ ಹೋಗುವವರೇ ಜಾಸ್ತಿ. ಲಸಿಕೆಯಲ್ಲಾದರೆ ಅನಾಹುತ ಇನ್ನೂ ದೊಡ್ಡದು. 1999ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಐಬಿಆರ್ ಲಸಿಕೆಯ ಕೆಲವು ಬ್ಯಾಚುಗಳಲ್ಲಿ ಬಿವಿಡಿವಿ-2 ಎಂಬ ಪ್ರಭೇದದ ಬಿವಿಡಿ ವೈರಸ್ ಸೇರಿಕೊಂಡಿತ್ತು. ಹಸುಗಳು ಕಾಯಿಲೆ ಬಿದ್ದವು, ಅಲ್ಲಿನ ಕಡ್ಡಾಯ ಲಸಿಕೆ ಕಾರ್ಯಕ್ರಮವೇ ನಿಂತುಹೋಯಿತು.

ಹಾಗಾದರೆ ತೆಗೆಯುವುದು ಹೇಗೆ? ಶುದ್ಧವಾದ ಹಳೆಯ ಸ್ಟಾಕ್ ದ್ರವ ಸಾರಜನಕದಲ್ಲಿದ್ದರೆ, ಇಲ್ಲವೇ ಕೋಶ ಸಂಗ್ರಹಾಲಯದಿಂದ ಹೊಸದು ತರಿಸಲು ಸಾಧ್ಯವಿದ್ದರೆ, ಸೋಂಕಿತ ಫ್ಲಾಸ್ಕುಗಳನ್ನು ಆಟೋಕ್ಲೇವ್ ಮಾಡಿ ಎಸೆಯಿರಿ. ಇದು ನನ್ನ ಖಚಿತ ಅಭಿಪ್ರಾಯ. ಬೇರೆಲ್ಲೂ ಸಿಗದ ಸೆಲ್ ಲೈನ್ ಆಗಿದ್ದರೆ ಮಾತ್ರ ಚಿಕಿತ್ಸೆಗೆ ಕೈಹಾಕಿ.

ಚಿಕಿತ್ಸೆ ಸಾಧ್ಯವಾಗುವುದಕ್ಕೂ ಕಾರಣವಿದೆ. ಬಿವಿಡಿಯದು ಆರ್‌ಎನ್‌ಎ, ಅದು ಕೋಶರಸದಲ್ಲೇ ಉಳಿಯುತ್ತದೆ, ನಮ್ಮ ಕೋಶದ ಡಿಎನ್‌ಎ ಜೊತೆ ಬೆರೆಯುವುದಿಲ್ಲ. ನಕಲಾಗುವುದನ್ನು ಸಾಕಷ್ಟು ಕಾಲ ತಡೆದರೆ ಇದ್ದದ್ದು ಕರಗಿಹೋಗುತ್ತದೆ. ಬಿವಿಡಿ ಪ್ರತಿಕಾಯವೊಂದನ್ನೇ ಕೋಶ ಬೆಳೆಯುವ ದ್ರವಕ್ಕೆ ಹಾಕಿದರೆ ಸಾಲದು. ಕೋಶದಿಂದ ಕೋಶಕ್ಕೆ ಹೊರಗಿನಿಂದ ಹಾರುವ ವೈರಸ್ಸನ್ನು ಅದು ಹಿಡಿಯುತ್ತದೆ, ಕೋಶ ಎರಡಾಗುವಾಗ ಒಳಗೊಳಗೇ ಹಂಚಿಹೋಗುವುದನ್ನು ಹಿಡಿಯಲಾರದು. ಅದರ ಜೊತೆಗೆ ವೈರಸ್ ನಕಲಾಗುವುದನ್ನು ತಡೆಯುವ ರೈಬಾವಿರಿನ್‌ನಂಥ ಔಷಧ ಬೇಕು. ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದವರು ಆರೊಮ್ಯಾಟಿಕ್ ಕ್ಯಾಟಯಾನಿಕ್ ಎಂಬ ವೈರಸ್-ನಿರೋಧಕ ಸಂಯುಕ್ತಗಳಿಂದ ಭ್ರೂಣದ ಫೈಬ್ರೊಬ್ಲಾಸ್ಟ್ (ಸಂಯೋಜಕ ಅಂಗಾಂಶದ) ಕೋಶಗಳಲ್ಲಿದ್ದ ಬಿವಿಡಿಯನ್ನು ತೆಗೆದು ತೋರಿಸಿದ್ದಾರೆ. ಡೋಸ್ ಹೆಚ್ಚಾದರೆ ಕೋಶವೇ ಸೊರಗುತ್ತದೆ, ಕಡಿಮೆಯಾದರೆ ಔಷಧಕ್ಕೆ ಜಗ್ಗದ ವೈರಸ್ ಮೇಲೆ ಬರುತ್ತದೆ. ಆದ್ದರಿಂದ ಸೋಂಕಿಲ್ಲದ ಅದೇ ಬಗೆಯ ಕೋಶದ ಮೇಲೆ ಮೊದಲು ಡೋಸ್ ಪರೀಕ್ಷಿಸಿ. ಕೆಲವು ಪಾಸೇಜ್ (ಬೆಳೆದ ಕೋಶಗಳನ್ನು ಹೊಸ ಫ್ಲಾಸ್ಕಿಗೆ ಹಂಚುವ ಸುತ್ತು) ಆದಮೇಲೆ ಒಂದೊಂದೇ ಕೋಶವನ್ನು ಬೇರೆ ಮಾಡಿ ಕ್ಲೋನ್, ಅಂದರೆ ಆ ಒಂದೇ ಕೋಶದ ಸಂತತಿ, ಬೆಳೆಸಿ.

ಬಹಳ ಜನ ಎಡವುವುದು ಇದಾದ ಮೇಲೆ. ಔಷಧ ಹಾಕಿರುವಾಗಲೇ ಪರೀಕ್ಷೆ ಮಾಡಿ ನೆಗೆಟಿವ್ ಎಂದು ಕುಣಿಯುವುದು ತಪ್ಪು. ಔಷಧವನ್ನೂ ಪ್ರತಿಕಾಯವನ್ನೂ ತೆಗೆದು, ಕೋಶಗಳನ್ನು ಹಲವು ಪಾಸೇಜ್ ಬರಿದೇ ಬೆಳೆಸಿ, ಆಮೇಲೆ ನೋಡಬೇಕು. ಆ ಅವಧಿಯಲ್ಲಿ ಕುದುರೆ ಸೀರಂ ಬಳಸಿ. ಗಾಮಾ ವಿಕಿರಣದಿಂದ ಸತ್ತ ಬಿವಿಡಿಯ ಆರ್‌ಎನ್‌ಎ ತುಣುಕುಗಳು ದನದ ಸೀರಂನಲ್ಲಿ ಉಳಿದಿರಬಹುದು, ಆರ್‌ಎನ್‌ಎ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆ ಅದನ್ನೂ ಪಾಸಿಟಿವ್ ಎಂದೇ ತೋರಿಸುತ್ತದೆ. ಕುದುರೆ ಸೀರಂನಲ್ಲಿ ಬೆಳೆಸುತ್ತಾ ಹೋದಂತೆ ಸಿಗ್ನಲ್ ಕುಗ್ಗಿ ಮಾಯವಾದರೆ ಅದು ಸತ್ತ ವೈರಸ್ಸಿನ ಉಳಿಕೆ. ಪಾಸೇಜ್ ಮೇಲೆ ಪಾಸೇಜ್ ಅಷ್ಟೇ ಗಟ್ಟಿಯಾಗಿ ನಿಂತರೆ ಬದುಕಿದೆ ಎಂದರ್ಥ. ಕೋಶದೊಳಗಿನ ವೈರಸ್ ಪ್ರೋಟೀನನ್ನು ತೋರಿಸುವ ಇಮ್ಯುನೊಪೆರಾಕ್ಸಿಡೇಸ್ ಬಣ್ಣವನ್ನೂ ಹಾಕಿ ನೋಡಿ. ಗುಣವಾದ ಕ್ಲೋನ್ ಮೊದಲಿನಷ್ಟೇ ಚೆನ್ನಾಗಿ ಐಬಿಆರ್ ವೈರಸ್ ಬೆಳೆಸುತ್ತದೆಯೇ ಎಂಬುದನ್ನೂ ಮರೆಯದೆ ಪರೀಕ್ಷಿಸಿ. ಒಂದೇ ಕೋಶದಿಂದ ಬಂದ ಸಂತತಿ ತನ್ನ ಮೂಲದಂತೆಯೇ ಇರಬೇಕೆಂದಿಲ್ಲ.

ಎಲ್ಲ ವೈರಸ್ಸಿಗೂ ಈ ಹಾದಿ ಹಿಡಿಸುವುದಿಲ್ಲ. ಹಂದಿಯ ಪಿಕೆ-15 ಕೋಶಗಳಲ್ಲಿ 1974ರಲ್ಲಿ ಪತ್ತೆಯಾದ ಸರ್ಕೊವೈರಸ್ ಶಾಖಕ್ಕೂ ವಿಕಿರಣಕ್ಕೂ ಸುಲಭವಾಗಿ ಬಗ್ಗದು. ಅದಿಲ್ಲದ ಪಿಕೆ-15 ಸಿಗುತ್ತದೆ, ಅದನ್ನೇ ತರಿಸಿ. ಬೆಕ್ಕಿನ ಸಿಆರ್‌ಎಫ್‌ಕೆ ಕೋಶಗಳಂತೂ ಆರ್‌ಡಿ-114 ಎಂಬ ರೆಟ್ರೊವೈರಸ್ಸನ್ನು ತಮ್ಮ ಡಿಎನ್‌ಎಯಲ್ಲೇ ಹೊತ್ತಿವೆ. ಔಷಧವನ್ನು ಎಷ್ಟು ಪಾಸೇಜ್ ಹಾಕಿದರೂ ಅಲ್ಲಿಂದ ಅದು ಕದಲುವುದಿಲ್ಲ.