ಮೊದಲು ಕೈಯಿಂದ ಒತ್ತಿ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಫೋನಿನಲ್ಲಿ ಬಟನ್ ಒತ್ತುತ್ತೀರಿ, ಗೋಡೆ ಮೇಲಿನ ಸ್ಮಾರ್ಟ್ ಸ್ವಿಚ್ ಜಪ್ಪಯ್ಯ ಅಂದರೂ ಕೇಳುವುದಿಲ್ಲ. ದೀಪ ಹತ್ತುವುದಿಲ್ಲ. ಆಪ್ ನೋಡಿದರೆ ‘ಆಫ್‌ಲೈನ್’ ಅಂತ ತೋರಿಸುತ್ತದೆ. ಆಗ ಬಹಳ ಜನ ತಕ್ಷಣ ಮಾಡುವ ಕೆಲಸ ರೀಸೆಟ್, ಅಂದರೆ ಸ್ವಿಚ್‌ನ ಸೆಟ್ಟಿಂಗ್ ಅಳಿಸಿ ಹೊಸದಾಗಿ ಶುರು ಮಾಡುವುದು. ದಯವಿಟ್ಟು ಬೇಡ. ಫೋನ್ ಪಕ್ಕಕ್ಕಿಡಿ, ಎದ್ದು ಹೋಗಿ, ಸ್ವಿಚ್ ಅನ್ನು ಮೊದಲು ಕೈಯಿಂದ ಒತ್ತಿ ನೋಡಿ.

ಯಾಕೆ ಅಂತೀರಾ? ಆ ಪುಟ್ಟ ಡಬ್ಬಿಯೊಳಗೆ ಎರಡು ಬೇರೆ ಬೇರೆ ಕೆಲಸ ನಡೆಯುತ್ತದೆ. ಒಂದು, ದೀಪಕ್ಕೆ ಕರೆಂಟ್ ಕೊಡುವುದು. ಸಾಮಾನ್ಯವಾಗಿ ರಿಲೇ ಅನ್ನುವ ಭಾಗ ಇದನ್ನು ಮಾಡುತ್ತದೆ. ಒತ್ತಿದಾಗ ಒಳಗಿಂದ ‘ಟಕ್’ ಅಂತ ಸದ್ದು ಬರುತ್ತದಲ್ಲ, ಅದು ಇದೇ. ಇನ್ನೊಂದು, ವೈ-ಫೈ ಮೂಲಕ ನಿಮ್ಮ ಫೋನಿನ ಮಾತು ಕೇಳಿಸಿಕೊಳ್ಳುವುದು. ಕೈಯಿಂದ ಒತ್ತಿದಾಗ ದೀಪ ಹತ್ತಿತು ಅಂದರೆ ವೈರು, ಬಲ್ಬು, ರಿಲೇ ಎಲ್ಲ ಸರಿ ಇದೆ, ಕೆಟ್ಟಿರುವುದು ಮಾತುಕತೆ ಮಾತ್ರ. ಹತ್ತಲಿಲ್ಲ ಅಂದರೆ ವೈ-ಫೈ ಹಿಂದೆ ಬೀಳುವುದು ಸುಮ್ನೆ ಟೈಮ್ ವೇಸ್ಟ್. ಒಂದು ಸಲ ಒತ್ತಿದರೆ ಅರ್ಧ ಹುಡುಕಾಟ ಮುಗಿಯಿತು. ಆದರೂ ಜನ ಇದನ್ನೇ ಮಾಡುವುದಿಲ್ಲ, ನೋಡಿ!

ಪರಿಚಯದವರೊಬ್ಬರ ಮನೆಯ ಕತೆ ಹೇಳುತ್ತೇನೆ, ಇದನ್ನು ಹೇಳದೆ ನನಗೆ ಸಮಾಧಾನ ಇಲ್ಲ. ಅವರ ಬಾಗಿಲ ಹತ್ತಿರದ ದೀಪ ಬೆಳಗ್ಗೆ ಎಲ್ಲ ಸರಿಯಾಗಿ ಕೆಲಸ ಮಾಡುತ್ತಿತ್ತು, ರಾತ್ರಿ ಆದರೆ ಆಫ್‌ಲೈನ್. ದಿನಾ ಇದೇ ಗೋಳು. ರೀಸೆಟ್ ಮಾಡಿದರು. ಆಪ್ ಅಳಿಸಿ ಮತ್ತೆ ಹಾಕಿದರು. ಕೊನೆಗೆ ಹೊಸ ಸ್ವಿಚ್ಚೇ ತಂದು ಹಾಕಿಸಿದರು, ರಾತ್ರಿ ಅದೂ ಮಲಗಿಬಿಟ್ಟಿತು. ನಾನು ಹೋದಾಗ ಕೇಳಿದ ಮೊದಲ ಪ್ರಶ್ನೆ, ಕೈಯಿಂದ ಒತ್ತಿದರೆ ಹತ್ತುತ್ತದಾ ಅಂತ. ಹತ್ತುತ್ತದೆ ಅಂದರು. ಹಾಗಾದರೆ ಸ್ವಿಚ್ ಬಿಡಿ, ಮನೆಗೆ ವೈ-ಫೈ ಕೊಡುವ ರೂಟರ್ ತೋರಿಸಿ ಅಂದೆ. ಹಗಲು ಅದು ಮೇಜಿನ ಮೇಲೆ ಇರುತ್ತದೆ, ರಾತ್ರಿ ಅದರ ಮಿಣಮಿಣ ದೀಪದಿಂದ ಮಗುವಿಗೆ ನಿದ್ದೆ ಬರುವುದಿಲ್ಲ ಅಂತ ಕಬ್ಬಿಣದ ಬೀರುವಿನೊಳಗೆ ಇಟ್ಟು, ವೈರ್ ಮಾತ್ರ ಸಂದಿಯಿಂದ ಹೊರಗೆ ಬಿಟ್ಟು, ಬಾಗಿಲು ಮುಚ್ಚಿಬಿಡುತ್ತಿದ್ದರು! ಕಬ್ಬಿಣದ ತಗಡು ವೈ-ಫೈ ಸಿಗ್ನಲ್ ಅನ್ನು ತಡೆಯುತ್ತದೆ. ಅಷ್ಟಿಷ್ಟು ಸಂದಿಯಿಂದ ಹೊರಗೆ ಬಂದದ್ದು ಹತ್ತಿರದ ಸ್ವಿಚ್‌ಗಳಿಗೆ ಸಾಕಾಗುತ್ತಿತ್ತು, ದೂರದ ಬಾಗಿಲ ಸ್ವಿಚ್‌ಗೆ ಸಾಲುತ್ತಿರಲಿಲ್ಲ. ಫೋನಿನಲ್ಲಿ ಇಂಟರ್ನೆಟ್ ಬರುತ್ತಿತ್ತಲ್ಲ ಅಂತ ಅವರ ವಾದ. ಫೋನಿನ ಮೇಲ್ಗಡೆ ಮೂಲೆ ನೋಡಿ ಅಂದೆ. ವೈ-ಫೈನ ಬೀಸಣಿಗೆ ಗುರುತು ಮಾಯ, ಅಲ್ಲಿ 4ಜಿ ಅಂತ ಇತ್ತು. ಫೋನು ತಾನಾಗಿ ಮೊಬೈಲ್ ಡೇಟಾಗೆ ಹೋಗಿತ್ತು, ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ. ಸ್ವಿಚ್‌ಗೆ ಸಿಮ್ ಇರುವುದಿಲ್ಲ, ಪಾಪ, ಅದು ಎಲ್ಲಿಗೆ ಹೋಗಬೇಕು? ರೂಟರ್ ಹೊರಗೆ ತೆಗೆದು ಅದರ ದೀಪಗಳ ಮೇಲೆ ಒಂದು ಚೂರು ಕಪ್ಪು ಟೇಪ್ ಅಂಟಿಸಿದೆ. ಮುಗೀತು. ಹಳೆ ಸ್ವಿಚ್ ಕೂಡ ಚೆನ್ನಾಗೇ ಇತ್ತು. ಮೊದಲ ದಿನವೇ ಕೈಯಿಂದ ಒತ್ತಿ, ಸ್ವಿಚ್ ಸರಿ ಇದೆ ಅಂತ ಯೋಚಿಸಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಕತೆ ಉದ್ದ ಆಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ಕೈಯಿಂದ ಹತ್ತುತ್ತದೆ, ಫೋನಿನಿಂದ ಇಲ್ಲ. ಆಗ ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಎರಡು ನಿಮಿಷ ಕಾಯಿರಿ. ವೈ-ಫೈ ಪಾಸ್‌ವರ್ಡ್ ಇತ್ತೀಚೆಗೆ ಬದಲಿಸಿದಿರಾ? ಹೊಸ ರೂಟರ್ ಬಂತಾ? ಸ್ವಿಚ್‌ಗೆ ಹೊಸ ಪಾಸ್‌ವರ್ಡ್ ಯಾರು ಹೇಳಿದರು? ಅದು ಇನ್ನೂ ಹಳೆಯದನ್ನೇ ಹಿಡಿದುಕೊಂಡು ಒದ್ದಾಡುತ್ತಿರುತ್ತದೆ. ಹೊಸ ರೂಟರ್‌ಗೆ ಹಳೆಯ ವೈ-ಫೈ ಹೆಸರು, ಹಳೆಯ ಪಾಸ್‌ವರ್ಡ್ ಅಕ್ಷರ ತಪ್ಪದೆ ಕೊಟ್ಟರೆ ಎಷ್ಟೋ ಸಲ ಎಲ್ಲ ಸ್ವಿಚ್‌ಗಳೂ ತಾವಾಗಿ ಸೇರಿಕೊಳ್ಳುತ್ತವೆ. ಇನ್ನೊಂದು, ರೂಟರ್‌ಗಳಲ್ಲಿ ಸಾಮಾನ್ಯವಾಗಿ 2.4 ಗಿಗಾಹರ್ಟ್ಜ್, 5 ಗಿಗಾಹರ್ಟ್ಜ್ ಅಂತ ಎರಡು ಬಗೆಯ ವೈ-ಫೈ ಇರುತ್ತದೆ, ಇಂಥ ಸ್ವಿಚ್‌ಗಳಲ್ಲಿ ಹೆಚ್ಚಿನವು 2.4 ಮಾತ್ರ ಹಿಡಿಯುತ್ತವೆ. ರೂಟರ್‌ನಲ್ಲಿ ಅದನ್ನು ಆಫ್ ಮಾಡಿ 5 ಗಿಗಾಹರ್ಟ್ಜ್ ಒಂದನ್ನೇ ಇಟ್ಟರೆ ಸ್ವಿಚ್‌ಗೆ ನಿಮ್ಮ ವೈ-ಫೈ ಕಾಣಿಸುವುದೇ ಇಲ್ಲ.

ಕೈಯಿಂದಲೂ ಹತ್ತುತ್ತಿಲ್ಲವಾ? ಮೊದಲು ಬಲ್ಬ್ ಬದಲಿಸಿ ನೋಡಿ. ಆಮೇಲೆ ಎಂಸಿಬಿ, ಅಂದರೆ ಲೈನಿನಲ್ಲಿ ತೊಂದರೆ ಆದರೆ ತಾನಾಗಿ ಆಫ್ ಆಗುವ (ಟ್ರಿಪ್ ಆಗುವ) ಮನೆಯ ಮೇನ್ ಬೋರ್ಡಿನ ಸ್ವಿಚ್, ಟ್ರಿಪ್ ಆಗಿದೆಯಾ ಅಂತ ನೋಡಿ. ಆಗಿದ್ದರೆ ಒಮ್ಮೆ ಆನ್ ಮಾಡಿ. ಆಗಿಲ್ಲದಿದ್ದರೆ ಆ ಲೈನಿನ ಎಂಸಿಬಿ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಸ್ವಿಚ್ಚೊಳಗೆ ಪುಟ್ಟ ಕಂಪ್ಯೂಟರ್ ಇದೆ, ಅದು ಹ್ಯಾಂಗ್ ಆಗಿದ್ದರೆ ಇಷ್ಟಕ್ಕೇ ಎದ್ದು ಕೂರುತ್ತದೆ. ಆನ್ ಮಾಡಿದ ಮೇಲೆ ಮತ್ತೆ ಟ್ರಿಪ್ ಆದರೆ, ಸುಟ್ಟ ವಾಸನೆ ಬಂದರೆ, ಅಥವಾ ಸ್ವಿಚ್ಚಿನ ಪುಟ್ಟ ದೀಪ ಕೂಡ ಹತ್ತದಿದ್ದರೆ, ಎಂಸಿಬಿ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಯಿರಿ. ಬೋರ್ಡ್ ಬಿಚ್ಚಲು ಹೋಗಬೇಡಿ. ಬಂದವರಿಗೆ ನ್ಯೂಟ್ರಲ್ ವೈರ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ಸಡಿಲ ಆಗಿದೆಯಾ ನೋಡಿ ಅಂತ ಹೇಳಿ. ಹಳೆ ಸ್ವಿಚ್‌ಗೆ ನ್ಯೂಟ್ರಲ್ ಬೇಕಿರಲಿಲ್ಲ, ಸ್ಮಾರ್ಟ್ ಸ್ವಿಚ್‌ಗಳಲ್ಲಿ ಹೆಚ್ಚಿನವಕ್ಕೆ ಅದು ಬೇಕೇ ಬೇಕು.

ರೀಸೆಟ್ ಎಲ್ಲಕ್ಕಿಂತ ಕೊನೆಗೆ. ಅದರಿಂದ ಸ್ವಿಚ್ ನಿಮ್ಮ ವೈ-ಫೈ ಮರೆಯುತ್ತದೆ, ನೀವು ಹಾಕಿಟ್ಟ ಟೈಮರ್‌ಗಳೂ ಹೋಗಬಹುದು. ಮಾಡಲೇಬೇಕು ಅಂದರೆ ಆಪ್ ತೆರೆದು ಯಾವ ದೀಪ ಎಷ್ಟು ಗಂಟೆಗೆ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಆಮೇಲೆ ಮಾಡಿ. ಅದಕ್ಕೂ ಮೊದಲು ಕೈಯಿಂದ ಒತ್ತಿ ನೋಡಿರುತ್ತೀರಿ, ಅಲ್ವಾ? ನಮಸ್ಕಾರ.