ಬಂದರು ಎಚ್ಚರವಾಗುವ ಹೊತ್ತಿಗೆ ಮಲ್ಪೆಯಲ್ಲಿ

ಬೆಳಗಿನ ಜಾವ ಐದೂವರೆ. ಉಡುಪಿಯಿಂದ ಮಲ್ಪೆಗೆ ಸುಮಾರು ಆರು ಕಿಲೋಮೀಟರ್ ಅಷ್ಟೇ. ಹೊರಡುವಾಗ ಚಿಕ್ಕಮ್ಮ ಕೈಗೊಂದು ಚೀಲ ಕೊಟ್ಟು, "ಬರುವಾಗ ಬಂಗುಡೆ ತಾ. ಕಿವಿರು ಬಿಡಿಸಿ ನೋಡದೆ ತಗೊಳ್ಬೇಡ" ಅಂದರು. ಹಾಗಾಗಿ ಇವತ್ತಿನ ವಿಡಿಯೊ ಬೀಚ್‌ನಿಂದಲ್ಲ, ಬಂದರಿನಿಂದ ಶುರು.

ಮಲ್ಪೆ ಅಂದ್ರೆ ತುಂಬಾ ಜನರಿಗೆ ಸಂಜೆಯ ಬೀಚ್, ಚುರುಮುರಿ, ಸೂರ್ಯಾಸ್ತ. ನಾನೂ ಎಷ್ಟೋ ಸಲ ಅಷ್ಟೇ ನೋಡಿ ವಾಪಸ್ ಹೋಗಿದ್ದೇನೆ. ಆದರೆ ಈ ಊರು ಬದುಕುವುದು ಈ ಹೊತ್ತಿನಲ್ಲಿ. ನೋಡಿ, ಒಂದಕ್ಕೊಂದು ಮೈ ತಾಗಿಸಿ ನಿಂತಿರುವ ಬೋಟುಗಳು. ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟು ಹೋದರೆ ಹತ್ತು ದಿನವೂ ಆಗುತ್ತದೆ ಬರುವುದು. ಅಷ್ಟು ದಿನದ ಡೀಸೆಲ್, ಐಸ್, ಅಕ್ಕಿ, ಕುಡಿಯುವ ನೀರು ಎಲ್ಲ ಇಲ್ಲಿಂದಲೇ ತುಂಬಿಕೊಂಡು ಹೋಗಬೇಕು. ದಾರಿ, ಹವಾಮಾನ, ಬಲೆ ಎಲ್ಲಿ ಬಿಡಬೇಕು ಅನ್ನುವ ಲೆಕ್ಕ ತಾಂಡೇಲನದು, ಅಂದ್ರೆ ಬೋಟು ನಡೆಸುವ ಮುಖ್ಯಸ್ಥನದು.

ಒಂದು ಬೋಟಿನಿಂದ ಬುಟ್ಟಿ ಬುಟ್ಟಿ ಬೂತಾಯಿ ಮೀನು ಇಳೀತಾ ಇದೆ. ಇನ್ನೊಂದು ಕಡೆ ಏಲಂ. ಕೂಗುವವರ ತುಳು ಎಷ್ಟು ವೇಗ ಅಂದ್ರೆ, ನಂಗೆ ಅಂಕಿ ಮಾತ್ರ ಅರ್ಥವಾಗುತ್ತದೆ. ಸುತ್ತ ನಿಂತವರಲ್ಲಿ ಹೆಂಗಸರೇ ಜಾಸ್ತಿ. ಗಂಡಸರು ಕಡಲಿಗೆ ಹೋದರೆ ದಡದಲ್ಲಿ ಮೀನಿನ ವ್ಯಾಪಾರ ಹಿಡಿದು ನಿಲ್ಲಿಸಿದವರು ಮೊಗವೀರ ಹೆಂಗಸರು. ಇವರ ಕಣ್ಣಿಗೆ ಮೋಸ ಮಾಡಲಿಕ್ಕೆ ಆಗುವುದಿಲ್ಲ.

ಒಬ್ಬರು ಅಮ್ಮನ ಬುಟ್ಟಿಯ ಮುಂದೆ ಕೂತೆ. ಒಂದು ಬಂಗುಡೆ ಎತ್ತಿ, ಹೆಬ್ಬೆರಳಿನಿಂದ ಕಿವಿರು ಬಿಡಿಸಿ ತೋರಿಸಿದರು. ಒಳಗೆ ಕೆಂಪು, ದಾಸವಾಳದ ಹಾಗೆ. "ಇದು ಕಂದು ಆಗಿದ್ರೆ ಹಳೇದು. ಕಣ್ಣು ನೋಡು, ಮಂಜು ಕಟ್ಟಿರಬಾರದು. ಒತ್ತಿ ನೋಡು." ಒತ್ತಿದೆ. ಬೆರಳಿನ ಗುರುತು ಉಳಿಯಲಿಲ್ಲ. ಎರಡು ಕಿಲೋ ಕೊಡಿ ಅಂದೆ. "ಈಗ ಎಲ್ಲಿಗೆ ಹೋಗ್ತೀ?" ಅಂತ ಕೇಳಿದರು. ಸೇಂಟ್ ಮೇರೀಸ್ ದ್ವೀಪಕ್ಕೆ ಅಂದಾಗ ಮೀನನ್ನು ವಾಪಸ್ ಬುಟ್ಟಿಗೆ ಹಾಕಿಬಿಟ್ಟರು. "ಬಿಸಿಲಿಗೆ ಹಾಳಾಗ್ತದೆ ಮಗಾ. ಮಧ್ಯಾಹ್ನ ಬಾ. ಐಸ್ ಹಾಕಿ ಇಡ್ತೇನೆ." ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ.

ದೋಣಿಗೆ ಇನ್ನೂ ಹೊತ್ತಿತ್ತು. ಹತ್ತಿರದ ವಡಭಾಂಡೇಶ್ವರಕ್ಕೆ ಹೋಗಿ ಬಂದೆ, ಬಲರಾಮನ ಗುಡಿ. ದ್ವಾರಕೆ ಕಡೆಯಿಂದ ಬಂದ ಹಡಗೊಂದು ಬಿರುಗಾಳಿಗೆ ಸಿಕ್ಕಿದಾಗ ಮಧ್ವಾಚಾರ್ಯರು ದಡದಿಂದ ಬಟ್ಟೆ ಬೀಸಿ ಅದನ್ನು ಕಾಪಾಡಿದರಂತೆ. ಪ್ರತಿಯಾಗಿ ಸಿಕ್ಕ ಗೋಪಿಚಂದನದ ಗಡ್ಡೆಯೊಳಗೆ ಉಡುಪಿಯ ಕೃಷ್ಣ ಇದ್ದನಂತೆ. ಕೃಷ್ಣಮಠದ ಕತೆಯೂ ಈ ಮರಳಿನ ಮೇಲೆಯೇ ಶುರುವಾಗುತ್ತದೆ, ಅಲ್ವಾ?

ಈಗ ಸೇಂಟ್ ಮೇರೀಸ್ ದ್ವೀಪ. ಇಲ್ಲಿನವರು ತೋನ್ಸೆಪಾರ್ ಅಂತಲೂ ಕರೆಯುತ್ತಾರೆ. ವಾಸ್ಕೋ ಡ ಗಾಮ 1498ರ ಪ್ರಯಾಣದಲ್ಲಿ ಇಲ್ಲಿ ಇಳಿದು ಸಾಂತಾ ಮರಿಯಾ ಅಂತ ಹೆಸರಿಟ್ಟ ಅನ್ನುತ್ತಾರೆ. ಆದರೆ ನಂಗೆ ಅವನಿಗಿಂತ ಈ ಕಲ್ಲುಗಳ ಮೇಲೆಯೇ ಪ್ರೀತಿ.

ಕ್ಯಾಮೆರಾ ಹತ್ತಿರ ತರ್ತೇನೆ, ನೋಡಿ. ಯಾರೋ ಉಳಿ ಹಿಡಿದು ಕೆತ್ತಿ ಜೋಡಿಸಿದ ಕಂಬಗಳ ಹಾಗಿದೆ. ಐದು ಮೂಲೆ, ಆರು ಮೂಲೆ, ಕೆಲವು ಕಡೆ ಏಳು. ಯಾರೂ ಕೆತ್ತಿದ್ದಲ್ಲ. ಬೇಸಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರಿಯುವುದನ್ನು ನೋಡಿದ್ದೀರಲ್ಲ? ಹಾಗೆಯೇ ಇದು. ಭೂಮಿಯೊಳಗಿನಿಂದ ಉಕ್ಕಿದ ಲಾವಾ ತಣ್ಣಗಾಗುತ್ತಾ ಕುಗ್ಗಿತು. ಕುಗ್ಗುವಾಗ ಮೇಲೆ ಬಿರುಕು ಬಿಟ್ಟಿತು. ಆ ಬಿರುಕು ಒಳಗೆ ಇಳಿಯುತ್ತಾ ಹೋದಂತೆ ಕಂಬಗಳಾದವು. ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲ ಅದು, ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಅಂಗೈ ಇಟ್ಟೆ. ಬಿಸಿಲಿಗೆ ಕಾದ ಕಲ್ಲು. ಪಕ್ಕದಲ್ಲಿ ಅಲೆ ತಾಗಿದ ಕಂಬ ಮಾತ್ರ ತಣ್ಣಗೆ, ಅದರ ಸಂದಿಯಲ್ಲಿ ಒಂದು ಪುಟ್ಟ ಏಡಿ.

ಇಲ್ಲಿ ದಡದ ತುಂಬ ಚಿಪ್ಪು. ದಯವಿಟ್ಟು ಚೀಲ ತುಂಬಿಕೊಂಡು ಹೋಗಬೇಡಿ, ನೀರಿನ ಬಾಟಲಿ ಬಿಟ್ಟೂ ಹೋಗಬೇಡಿ. ಮಳೆಗಾಲದಲ್ಲಿ ಬಂದರೆ ದೋಣಿಯೇ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಬೋಟುಗಳ ಮೀನುಗಾರಿಕೆಗೂ ರಜೆ. ಮೀನು ಮೊಟ್ಟೆ ಇಟ್ಟು, ಮರಿಗಳು ಬೆಳೆಯಲಿ ಅಂತ. ಆಮೇಲೆ ನೂಲ ಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡುತ್ತಾರೆ.

ಮಧ್ಯಾಹ್ನ ಎರಡು ಗಂಟೆ. ವಾಪಸ್ ಬಂದಾಗ ಬಂದರಿನ ಗದ್ದಲ ಇಳಿದಿತ್ತು. ಒಂದು ಬೋಟಿನ ನೆರಳಿನಲ್ಲಿ ನಾಲ್ಕು ಜನ ಕಾಲು ಚಾಚಿ ಕೂತು ಹರಿದ ಬಲೆ ಹೆಣೆಯುತ್ತಿದ್ದರು. ಒಬ್ಬರು ಬಲೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿ ಬಿಗಿ ಹಿಡಿದು, ಸೂಜಿ ಒಳಗೆ ಹಾಕಿ, ಒಂದು ಗಂಟು. ಮತ್ತೆ ಒಂದು ಗಂಟು. ಕಣ್ಣು ಎತ್ತಲೇ ಇಲ್ಲ. ತುಂಬಾ ಹೊತ್ತು ಸುಮ್ನೆ ನಿಂತು ನೋಡಿದೆ.

ಆ ಅಮ್ಮ ಬುಟ್ಟಿ ತೊಳೆದು ಮಗುಚಿಟ್ಟು ಕೂತಿದ್ದರು. ಮೀನೆಲ್ಲ ಖಾಲಿ. ನನ್ನನ್ನು ನೋಡಿದ್ದೇ ಪಕ್ಕದ ಐಸ್ ಪೆಟ್ಟಿಗೆಯಿಂದ ಒಂದು ಪೊಟ್ಟಣ ತೆಗೆದರು. ಬೆಳಗ್ಗೆ ನಾನು ಒತ್ತಿ ನೋಡಿದಂಥದ್ದೇ ದಪ್ಪ ಬಂಗುಡೆ. ದುಡ್ಡು ಎಣಿಸಿ ಕೊಡುವಷ್ಟರಲ್ಲಿ ಒಂದನ್ನು ಎತ್ತಿ, ಹೆಬ್ಬೆರಳಿನಿಂದ ಮತ್ತೆ ಕಿವಿರು ಬಿಡಿಸಿ ನನ್ನ ಮುಂದೆ ಹಿಡಿದರು. "ನೋಡಿಯೇ ತಗೊಂಡು ಹೋಗು ಮಗಾ."